ಕ್ಷೌರಿಕನ ಪಿಸ್ತೂಲಿಗೆ ಹೊಸ ಗುರಿಗೂಟ

ಆರ್ವಲ್ ಪ್ರುವಿಟ್ ತನ್ನ ಕ್ಷೌರದಂಗಡಿಯಲ್ಲಿ ಲ್ಯಾಂಡ್ರಮ್ ಪಾದ್ರಿಗಳ ದವಡೆ ಕುಯ್ದ ಸುದ್ದಿ ಹ್ಯಾಕ್‌ಬೆರಿಯಲ್ಲಿ ಹಬ್ಬುವುದಕ್ಕೆ ಯಾರೂ ಬಾಯಿ ಬಿಡಬೇಕಾಗಿರಲಿಲ್ಲ. ಶನಿವಾರ ಗಾಯವಾಯಿತು, ಭಾನುವಾರ ಪಾದ್ರಿಗಳು ದವಡೆಗೆ ಬಿಳಿ ಪಟ್ಟಿ ಅಂಟಿಸಿಕೊಂಡು ಪ್ರವಚನಕ್ಕೆ ನಿಂತರು. ಅವತ್ತಿನ ವಿಷಯ ಕ್ಷಮೆ. ಪಾಪ, ಅವರು ಅದನ್ನು ವಾರದ ಹಿಂದೆಯೇ ಆರಿಸಿಕೊಂಡಿದ್ದರು. ಆದರೆ "ನಮಗೆ ನೋವು ಕೊಟ್ಟವರನ್ನು" ಎಂದು ಅವರು ಹೇಳಿದಾಗಲೆಲ್ಲ ಇಡೀ ಚರ್ಚು ಕತ್ತು ತಿರುಗಿಸಿ ಮೂರನೇ ಸಾಲಿನ ಬೆಂಚಿನ ಕಡೆ ನೋಡುತ್ತಿತ್ತು. ಮೂರನೇ ಸಾಲಿನಲ್ಲಿ ಆರ್ವಲ್ ಹಾಡಿನ ಪುಸ್ತಕ ತೆಗೆದು ಮುಖಕ್ಕೆ ಅಡ್ಡ ಹಿಡಿದಿದ್ದ. ಪಕ್ಕದಲ್ಲಿದ್ದ ಅವನ ಹೆಂಡತಿ ನೆಡ್ರಾ ಅದನ್ನು ಮೆಲ್ಲಗೆ ತಿರುಗಿಸಿ ಸರಿಯಾಗಿ ಹಿಡಿಸಿದಳು. ಪುಸ್ತಕ ತಲೆಕೆಳಗಾಗಿತ್ತು.

ಮಿಸೌರಿಯ ಗುಡ್ಡಗಾಡಿನ ಆ ಊರಲ್ಲಿ ಗಂಡಸಾಗಿ ಹುಟ್ಟಿದವನು ಆರ್ವಲ್ಲನ ಕುರ್ಚಿಯಲ್ಲಿ ಕೂರದೆ ಬೆಳೆದದ್ದಿಲ್ಲ. ಅವನಪ್ಪನ ಅಂಗಡಿ ಅದು. ಭಾನುವಾರ ದೇವರಿಗೆ ರಜೆ, ಸೋಮವಾರ ಕ್ಷೌರಿಕನಿಗೆ ರಜೆ, ಉಳಿದ ದಿನ ಬೆಳಿಗ್ಗೆಯಿಂದ ಬಿಸಿ ಟವೆಲಿನ ಹಬೆ ಮತ್ತು ಊರಿನ ಸುದ್ದಿ. ಸುತ್ತಲ ಊರುಗಳಲ್ಲೆಲ್ಲ ವಿದ್ಯುತ್ ಯಂತ್ರದ ಗುಂಯ್ ಗುಂಯ್ ಬಂದರೂ ಆರ್ವಲ್ ಮಾತ್ರ ಇನ್ನೂ ಉದ್ದನೆಯ ಮಡಚುಗತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮಸೆದು ಗಡ್ಡ ತೆಗೆಯುತ್ತಿದ್ದ. ಅರವತ್ತೊಂಬತ್ತು ವರ್ಷದ ಮನುಷ್ಯನಿಗೆ ಎರಡೇ ಜಂಬ. ಒಂದು ಆ ಕತ್ತಿ. ಇನ್ನೊಂದು, ಮದುವೆಯಾದ ವರ್ಷ ಕೊಂಡ ಕರೀ ಪಿಸ್ತೂಲು. ಪ್ರತಿ ತಿಂಗಳ ಮೊದಲ ಶನಿವಾರ ಊರವರು ನೆಡ್ರಾಳ ಅಣ್ಣ ಹಾಲಿಸ್‌ನ ಹುಲ್ಲುಗಾವಲಿನ ಹಿಂದೆ ಕಬ್ಬಿಣದ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿ ಹೊಡೆದು ಬೀಳಿಸುವ ಪಂದ್ಯ ಆಡುತ್ತಿದ್ದರು. ಆರ್ವಲ್ ನಿಂತರೆ ತಟ್ಟೆಗಳು ತಾವಾಗಿಯೇ ಮಲಗುತ್ತವೆ ಎಂಬ ಮಾತಿತ್ತು. ಆ ಮಾತು ಹಳೆಯದು. ಈಚೆಗೆ ಅವು ನಿಂತೇ ಇರುತ್ತಿದ್ದವು.

ಭಾನುವಾರದ ಊಟಕ್ಕೆ ಹಾಲಿಸ್ ಬರುವುದು ವಾಡಿಕೆ. ದನದ ಮೇವಿನ ಅಂಗಡಿಯವನು, ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಕೈಯ ಕರಿದ ಕೋಳಿಯೇ ಅವನ ವಾರದ ಹಬ್ಬ. ಅವನ ಎದುರಿಗೇ ನೆಡ್ರಾ ಮಾತು ತೆಗೆದಳು.

"ನಿನಗೆ ಕಣ್ಣು ಕಾಣ್ತಿಲ್ಲ, ಆರ್ವಲ್."

"ಕಾಣದೆ ಏನು. ಪಾದ್ರಿಗಳು ಮಾತಾಡೋಕೆ ಅಂತ ತಿರುಗಿದ್ರು."

"ಮೂವತ್ತು ವರ್ಷದಿಂದ ಅವರು ಆ ಕುರ್ಚೀಲಿ ಕೂತು ಮಾತಾಡ್ತಾನೇ ಇದಾರೆ. ನಿನ್ನೆ ಹೊಸದಾಗಿ ತಿರುಗಿದ್ರಾ?"

"ಬೆಳಕೂ ಸರಿ ಇರಲಿಲ್ಲ."

ಹಾಲಿಸ್ ಕೋಳಿಯ ಕಾಲನ್ನು ಬಾಯಿಂದ ತೆಗೆದ. "ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ. ಹೋದ ತಿಂಗಳು ಪಂದ್ಯದಲ್ಲಿ ಭಾವ ಹೊಡೆದ ಗುಂಡು ನನ್ನ ಬೇಲಿ ಗೂಟಕ್ಕೆ ಬಿತ್ತು. ಅವತ್ತು ಬಿಸಿಲು ಜಾಸ್ತಿ ಅಂದ್ರು. ನಿನ್ನೆ ಬೆಳಕು ಕಮ್ಮಿ. ನಿಮಗೆ ಎಷ್ಟು ಬೆಳಕು ಬೇಕು ಅಂತ ಚೀಟಿ ಬರೆದು ಕೊಡಿ ಭಾವ, ಮೇಲಿನವನಿಗೆ ತಲುಪಿಸೋಣ."

"ಮೇವು ಮಾರೋನಿಗೆ ಕಣ್ಣಿನ ವಿಷಯ ಯಾಕೆ," ಎಂದು ಆರ್ವಲ್ ಆಲೂಗಡ್ಡೆಯ ಮೇಲೆ ಗ್ರೇವಿ ಸುರಿದುಕೊಂಡ. ಅರ್ಧ ಮೇಜುಬಟ್ಟೆಗೆ ಹೋಯಿತು.

ನೆಡ್ರಾ ಬಟ್ಟೆ ಒರೆಸಲಿಲ್ಲ. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನನ್ನು ಯಾವ ಕಡೆಯಿಂದ ಹಿಡಿಯಬೇಕು ಎಂದು ಗೊತ್ತಿರುತ್ತದೆ. ಡಾಕ್ಟರ ಹತ್ತಿರ ಹೋಗು ಅಂದರೆ ಇವನು ಹೋಗುವವನಲ್ಲ. ಅದನ್ನು ಅವಳು ಹೇಳಿ ಹೇಳಿ ನಾಲಿಗೆ ಸವೆಸಿದ್ದಳು. ಆದರೆ ಜಂಬವನ್ನು ಕೆಣಕಿದರೆ ತಾನಾಗಿಯೇ ಬಂದು ಬಲೆಗೆ ಬೀಳುತ್ತಾನೆ.

"ಸರಿ, ಒಂದು ಮಾತು ಆಡ್ಕೊಳ್ಳೋಣ," ಅಂದಳು. "ಮುಂದಿನ ಪಂದ್ಯದಲ್ಲಿ ಆರು ತಟ್ಟೇಲಿ ನಾಲ್ಕು ಬೀಳಿಸು. ಬೀಳಿಸಿದ್ರೆ ನಿನ್ನ ಕಣ್ಣಿನ ಬಗ್ಗೆ ನಾನು ಸಾಯೋವರೆಗೂ ತುಟಿ ಬಿಚ್ಚಲ್ಲ. ಬೀಳಿಸದಿದ್ರೆ ಕತ್ತಿ ನನ್ನ ಕೈಗೆ ಬರ್ಬೇಕು. ಆಮೇಲೆ ಗಡ್ಡ ಮುಟ್ಟೋ ಹಾಗಿಲ್ಲ."

ಹಾಲಿಸ್ ಅಗಿಯುವುದನ್ನು ನಿಲ್ಲಿಸಿದ.

"ಆಗಲಿ," ಅಂದ ಆರ್ವಲ್. ಅಂದ ಕೂಡಲೇ ಅಪ್ಪನ ನೆನಪಾಯಿತು. ಅವನಪ್ಪ ಕೈ ನಡುಗುತ್ತದೆಂದು ಕತ್ತಿ ಕೆಳಗಿಟ್ಟ ವರ್ಷವೇ ತೀರಿಕೊಂಡಿದ್ದ. ಕಾಯಿಲೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಿಟಕಿಯ ಹತ್ತಿರ ಕೂತಿರುತ್ತಿದ್ದ. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ "ಇನ್ನು ಸಾಕು" ಅಂದುಬಿಟ್ಟರೆ? ಆ ಒಂದು ಹೆದರಿಕೆ ಆರ್ವಲ್ಲನಿಗೆ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಸಂಜೆ ಯಾರೂ ಇಲ್ಲದಾಗ ಖಾಲಿ ಪಿಸ್ತೂಲನ್ನು ಎತ್ತಿ ಗೋಡೆಗೆ ಗುರಿ ಹಿಡಿದ. ಹಿಂದಿನ ಕಚ್ಚಿನ ನಡುವೆ ಮೂತಿಯ ಮೇಲಿನ ಗುರಿಗೂಟ ಬಂದು ನಿಲ್ಲಬೇಕು. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡ ಉಕ್ಕಿನ ತುಂಡು ಅದು, ಪಿಸ್ತೂಲಿನಷ್ಟೇ ಕಪ್ಪು. ಮೊದಲು ಕಾಡಿಗೆ ತೀಡಿದ ಹಾಗೆ ಕಾಣುತ್ತಿತ್ತು. ಈಗ ಅಲ್ಲಿ ಹೊಗೆ. ಆರ್ವಲ್ ಕಣ್ಣು ಉಜ್ಜಿಕೊಂಡ, ಮತ್ತೆ ನೋಡಿದ, ತೀರ್ಪು ಕೊಟ್ಟ. ಕಣ್ಣು ಸರಿಯಾಗಿದೆ, ಗೂಟ ಹಳೆಯದಾಗಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಮಿಸೌರಿಯಲ್ಲೂ ಹುಟ್ಟುತ್ತಾರೆ.

ಹೊಸ ಗೂಟವನ್ನು ಅಂಚೆಯಲ್ಲಿ ತರಿಸಿದ. ಮನೆಗಲ್ಲ, ಅಂಗಡಿಗೆ. ಇದ್ದುದರಲ್ಲಿ ಅಗಲವಾದದ್ದು, ಇದ್ದುದರಲ್ಲಿ ಎತ್ತರವಾದದ್ದು. ಬಿಚ್ಚಿ ನೋಡಿದ ಹಾಲಿಸ್, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಭಾವ," ಅಂದ. ಅವನನ್ನು ಗುಟ್ಟಿಗೆ ಸೇರಿಸಿಕೊಳ್ಳದೆ ಆರ್ವಲ್ಲನಿಗೆ ವಿಧಿಯಿರಲಿಲ್ಲ, ಹಿಡಿದು ಬಿಗಿಯುವ ಸಣ್ಣ ವೈಸು ಮತ್ತು ಸುತ್ತಿಗೆಯ ಏಟನ್ನು ಗೂಟಕ್ಕೆ ತಾಗಿಸುವ ಹಿತ್ತಾಳೆಯ ಪಂಚು ಇದ್ದದ್ದು ಅವನ ಹತ್ತಿರ. ತಂಗಿಯ ಕಡೆ ನಿಲ್ಲಬೇಕೋ ಭಾವನ ಕಡೆಯೋ ಎಂದು ಹಾಲಿಸ್ ಸ್ವಲ್ಪ ಹೊತ್ತು ಯೋಚಿಸಿದ. ಕೊನೆಗೆ ಎರಡೂ ಕಡೆ ನಿಂತ. ಭಾನುವಾರದ ಕೋಳಿ ತಂಗಿಯ ಕೈಲಿತ್ತು, ಗಡ್ಡ ಭಾವನ ಕೈಲಿತ್ತು.

ಸೋಮವಾರ ನೆಡ್ರಾ ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯಲು ಹೋದಳು. ಕಾರಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಆರ್ವಲ್ ಅಡಿಗೆಮನೆಯ ಮೇಜಿನ ಮೇಲೆ ಹಳೇ ಟವೆಲ್ ಹಾಸಿದ. ಗುಂಡಿನ ಡಬ್ಬಿಯನ್ನು ಮೊದಲೇ ಗ್ಯಾರೇಜಿಗೆ ಒಯ್ದಿಟ್ಟಿದ್ದ. ಗುಂಡು, ಹಿಟ್ಟು ಎರಡೂ ಒಂದು ಕೋಣೆಯಲ್ಲಿ ಇರಕೂಡದೆಂದು ನೆಡ್ರಾಳ ಕಟ್ಟಪ್ಪಣೆ. ಅವಳ ಬೆನ್ನ ಹಿಂದೆ ಕೆಲಸ ಮಾಡುವಾಗಲೂ ಅವಳ ಅಪ್ಪಣೆ ಮೀರುವ ಧೈರ್ಯ ಇವನಿಗಿರಲಿಲ್ಲ. ಪಿಸ್ತೂಲು ಖಾಲಿಯಿದೆಯೆಂದು ತಾನೊಮ್ಮೆ ನೋಡಿದ, ಬೆರಳು ಹಾಕಿ ಮುಟ್ಟಿ ನೋಡಿದ, ಹಾಲಿಸ್‌ಗೂ ತೋರಿಸಿದ. ಆಮೇಲೆ ಬಿಚ್ಚಿ, ಹಿಂದೆ ಮುಂದೆ ಜಾರುವ ಮೇಲಿನ ಭಾಗವನ್ನು ಮಾತ್ರ ತೆಗೆದುಕೊಂಡು ಚರ್ಮದ ತುಂಡು ಸುತ್ತಿ ವೈಸಿನಲ್ಲಿ ಬಿಗಿದ.

ಹೊಸ ಗೂಟವನ್ನು ಹಾಲಿಸ್ ಒಂದು ಪೆಪ್ಪರ್‌ಮೆಂಟ್ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟ. ತಣ್ಣಗಾದರೆ ಉಕ್ಕು ಕೂದಲೆಳೆಯಷ್ಟು ಕುಗ್ಗುತ್ತದೆ, ತೋಡಿನೊಳಗೆ ಸುಲಭವಾಗಿ ಕೂರುತ್ತದೆ. ಅಷ್ಟರಲ್ಲಿ ಹಳೆಯದನ್ನು ಹೊರಗೆ ತೆಗೆಯಬೇಕು. ಗುರಿಗೂಟ ಕೂತಿರುವ ತೋಡು ಕೆಳಗೆ ಅಗಲ, ಮೇಲೆ ಕಿರಿದು. ಮೇಲಕ್ಕೆ ಕಿತ್ತರೆ ಬರುವುದಿಲ್ಲ, ಪಕ್ಕಕ್ಕೆ ಬಡಿದು ಜಾರಿಸಬೇಕು. ಎಡಗಡೆಯಿಂದ ಬಡಿದರೆ ಬಲಕ್ಕೆ ಹೊರಬೀಳುತ್ತದೆ, ಹಾಕುವಾಗ ಬಲಗಡೆಯಿಂದ ಬಡಿದು ಕೂರಿಸಬೇಕು. ಇದು ಆ ಕಡೆಯ ಗಂಡಸರಿಗೆ ಹಾಲು ಕುಡಿದಷ್ಟೇ ಸಹಜವಾಗಿ ಗೊತ್ತು.

ಆರ್ವಲ್ ಎಡಗಡೆಯಿಂದ ಬಡಿದ. ಗೂಟ ಅಲುಗಲಿಲ್ಲ. ಇನ್ನೊಂದು ಏಟು ಹಾಕಿದ. ಎಣ್ಣೆ ಬಿಟ್ಟ. ಕೂದಲು ಒಣಗಿಸುವ ಯಂತ್ರ ತಂದು ಬಿಸಿ ಗಾಳಿ ಊದಿದ. ಬೆವರು ಮೂಗಿನ ತುದಿಗೆ ಬಂತು. ಗೂಟ ಮೊದಲಿಗಿಂತ ಭದ್ರವಾಗಿ ಕೂತಿತು.

"ಮದುವೆ ವರ್ಷದಿಂದ ಕೂತಿದೆ, ಎದ್ದು ಹೋಗು ಅಂದ್ರೆ ಹೋಗತ್ತಾ," ಎಂದ ಹಾಲಿಸ್ ಬಿಸ್ಕತ್ತಿಗೆ ಜಾಮ್ ಸವರುತ್ತ. ಆಮೇಲೆ ಕತ್ತು ಓರೆ ಮಾಡಿ ನೋಡಿದ. "ಭಾವ, ಮೂತಿ ಯಾವ ಕಡೆ ಇದೆ?"

"ನನ್ನ ಕಡೆ."

"ಎಡಗಡೆ ಯಾವುದು?"

"ಇದು," ಎಂದು ಆರ್ವಲ್ ತನ್ನ ಎಡಗೈ ತೋರಿಸಿದ.

"ಅದು ನಿಮ್ಮ ಎಡ. ಪಿಸ್ತೂಲಿಗೆ ಅದು ಬಲ."

ಆರ್ವಲ್ ಸುತ್ತಿಗೆ ಕೆಳಗಿಟ್ಟ. ಐವತ್ತು ವರ್ಷ ಗಿರಾಕಿಯ ಬೆನ್ನ ಹಿಂದೆ ನಿಂತು ಕನ್ನಡಿಯಲ್ಲಿ ಮುಖ ನೋಡಿದ ಮನುಷ್ಯ ಅವನು. ಕನ್ನಡಿಯಲ್ಲಿ ಎದುರಿಗೆ ಕಾಣುವ ಮುಖಕ್ಕೆ ಎಡಗಿವಿ ಎಡಕ್ಕೇ ಇರುತ್ತದೆ, ಬಲಗಿವಿ ಬಲಕ್ಕೇ. ಎದುರುಬದುರಾಗಿ ನಿಂತ ಯಾವ ಮೂತಿಯನ್ನು ಕಂಡರೂ ಅವನ ಕೈ ಹಾಗೇ ಲೆಕ್ಕ ಹಾಕುತ್ತಿತ್ತು. ಇಷ್ಟು ಹೊತ್ತೂ ಅವನು ಗೂಟವನ್ನು ತೆಗೆದದ್ದಲ್ಲ, ಇನ್ನಷ್ಟು ಒಳಗೆ ತುರುಕಿದ್ದ.

"ಇದನ್ನ ಅಂಗಡೀಲಿ ಹೇಳಬೇಡ," ಅಂದ.

"ಛೆ, ಎಲ್ಲಾದ್ರೂ ಉಂಟಾ. ಮೇವಿನ ಅಂಗಡೀಲಿ ಮಾತ್ರ ಹೇಳ್ತೀನಿ."

ಇನ್ನೊಂದು ಕಡೆಯಿಂದ ನಾಲ್ಕೇಟು ಹಾಕುವಷ್ಟರಲ್ಲಿ ಹಳೇ ಗೂಟ ಟಣ್ಣನೆ ನೆಲಕ್ಕೆ ಹಾರಿತು. ಇಬ್ಬರೂ ಮಂಡಿಯೂರಿ ಅದನ್ನು ಹುಡುಕುತ್ತಿದ್ದಾಗ ಹಿಂಬಾಗಿಲು ತೆರೆಯಿತು. ನೆಡ್ರಾ ಕೌದಿಗೆ ಬೇಕಾದ ನೀಲಿ ದಾರ ಮರೆತು ಬಂದಿದ್ದಳು.

ಟವೆಲು ವೈಸಿನ ಮೇಲೆ ಬಿತ್ತು. ಆರ್ವಲ್ ಟವೆಲಿನ ಮೇಲೆ ಮೊಣಕೈ ಊರಿದ. ನೆಡ್ರಾ ಇಬ್ಬರನ್ನೂ ದಾಟಿ ಒಳಗೆ ಹೋದಳು. ದಾರ ತೆಗೆದುಕೊಂಡಳು, ಬಂದದ್ದಾಯಿತೆಂದು ರಾತ್ರಿಯ ಊಟಕ್ಕೆ ಜಿಂಕೆ ಮಾಂಸದ ಪೊಟ್ಟಣ ಹೊರಗಿಡಲು ಫ್ರೀಜರ್ ತೆರೆದಳು. ಡಬ್ಬಿ ಸಿಕ್ಕಿತು. ಅಲ್ಲಾಡಿಸಿದಳು, ಗಲಗಲ ಅಂದಿತು.

"ಇದೇನು?"

"ನನ್ನ ಹಲ್ಲು," ಅಂದ ಹಾಲಿಸ್, ಯೋಚನೆ ಮಾಡುವುದಕ್ಕೆ ಮುಂಚೆ. "ಬೆಳಿಗ್ಗೆ ಬಿತ್ತು. ತಣ್ಣಗಿಟ್ರೆ ಮತ್ತೆ ಕೂರಿಸ್ತಾರಂತೆ."

ನೆಡ್ರಾ ಮುಚ್ಚಳ ತೆಗೆದು ನೋಡಿದಳು. ಕಪ್ಪು ಉಕ್ಕಿನ ಗೂಟ ಹಿಮ ಮೆತ್ತಿಕೊಂಡು ಮಲಗಿತ್ತು. ಅವಳು ಅಣ್ಣನನ್ನು ನೋಡಿದಳು, ಗಂಡನ ಮೊಣಕೈಯನ್ನು ನೋಡಿದಳು, ಮುಚ್ಚಳ ಹಾಕಿ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು.

"ಹಲ್ಲು ಉಜ್ಜೋದನ್ನ ಕಲಿ, ಹಾಲಿಸ್. ಪೂರ್ತಿ ಕಪ್ಪಾಗಿದೆ," ಎಂದು ಹೇಳಿ ಹೊರಟುಹೋದಳು.

"ಗೊತ್ತಾಗಲಿಲ್ಲ," ಎಂದು ಆರ್ವಲ್ ಉಸಿರು ಬಿಟ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ. ಹಾಲಿಸ್ ಅದನ್ನು ನಂಬಲಿಲ್ಲ, ಅವನು ನೆಡ್ರಾಳ ಜೊತೆ ಹುಟ್ಟಿ ಬೆಳೆದವನು.

ಹೊಸ ಗೂಟದ ಅಡಿ ತೋಡಿಗಿಂತ ಸ್ವಲ್ಪ ದಪ್ಪವಿತ್ತು. ಅದಿರುವುದೇ ಹಾಗೆ, ಅವರವರ ಪಿಸ್ತೂಲಿಗೆ ತಕ್ಕಂತೆ ಅವರವರೇ ಅರದಿಂದ ಉಜ್ಜಿಕೊಳ್ಳಬೇಕು. ಉಜ್ಜುವುದು ಗೂಟವನ್ನು, ಪಿಸ್ತೂಲನ್ನಲ್ಲ. ಹಾಳಾದರೆ ಅಗ್ಗದ್ದು ಹಾಳಾಗಲಿ. ಆರ್ವಲ್ ಎರಡು ಸಲ ಅರ ಎಳೆಯುತ್ತಿದ್ದ, ಎಡಗೈ ಹೆಬ್ಬೆರಳನ್ನು ಅಂಚಿನ ಮೇಲೆ ಸವರುತ್ತಿದ್ದ, ಮತ್ತೆ ಎಳೆಯುತ್ತಿದ್ದ. ಕಣ್ಣು ಎಲ್ಲೋ ಕಿಟಕಿಯ ಆಚೆ ಇತ್ತು. ಆ ಹೆಬ್ಬೆರಳು ಗಲ್ಲದ ಮೇಲೆ ಉಳಿದ ಒಂದು ಕೂದಲನ್ನೂ ಹಿಡಿದು ಹೇಳುವ ಬೆರಳು, ಉಕ್ಕಿನ ತರಿಯನ್ನು ಹೇಳುವುದು ಏನು ಮಹಾ. ಗೂಟ ಬಲಗಡೆಯಿಂದ ಹೋಗಿ ನಡುಮಧ್ಯ ಬಂದು ಕಚ್ಚಿಕೊಂಡಿತು. ಹಾಲಿಸ್ ಬೇಕಂತಲೇ ಕೊಂಕು ಹುಡುಕಿದ, ಸಿಗಲಿಲ್ಲ.

ಗುರುವಾರ ಸಂಜೆ ಹುಲ್ಲುಗಾವಲಿನಲ್ಲಿ ಕಾಗದ ಕಟ್ಟಿ ಹೊಡೆದು ನೋಡಿದರು. ಗುಂಡುಗಳೆಲ್ಲ ಗುರಿಗಿಂತ ಒಂದು ಗೇಣು ಕೆಳಗೆ ಬಿದ್ದಿದ್ದವು.

ಹಾಲಿಸ್ ಕಾಗದ ನೋಡಿ ಟೋಪಿ ತೆಗೆದ. ಮೊದಲ ಸಲ ಅವನ ದನಿಯಲ್ಲಿ ಚೇಷ್ಟೆಯಿರಲಿಲ್ಲ. "ಭಾವ, ಬಿಟ್ಬಿಡೋಣ. ನಾನು ನೆಡ್ರಾಗೆ ಹೇಳ್ತೀನಿ. ಕತ್ತಿ ಇಟ್ರೆ ಏನಾಯ್ತು, ಕತ್ತರಿ ಇದೆಯಲ್ಲ."

"ಕೆಳಗೆ ಹೋಗಿದೆ ಅಂತ ನೋಡ್ತೀಯ, ಹೇಗೆ ಬಿದ್ದಿದೆ ಅಂತ ನೋಡು," ಅಂದ ಆರ್ವಲ್. ತೂತುಗಳ ಮೇಲೆ ಅಂಗೈ ಇಟ್ಟ. ಎಲ್ಲವೂ ಅಂಗೈಯೊಳಗೆ ಅಡಗಿದವು. "ಕೈ ನಡುಗಿದ್ರೆ ಚೆಲ್ಲಾಪಿಲ್ಲಿ ಆಗ್ತಿತ್ತು. ಇವು ಒಂದೇ ಕಡೆ ಕೂತಿವೆ, ಕೂರಬಾರದ ಕಡೆ ಅಷ್ಟೆ. ಗೂಟ ಎತ್ತರ ಆಯ್ತು. ಅದನ್ನ ಹಿಂದಿನ ಕಚ್ಚಿನ ಮಟ್ಟಕ್ಕೆ ತರೋಕೆ ನಾನು ಮೂತಿ ತಗ್ಗಿಸ್ತಿದೀನಿ. ತಲೆ ಸವೆಸಬೇಕು."

"ಸವೆಸಿದ್ರೆ ಇನ್ನೂ ಕೆಳಗೆ ಹೋಗಲ್ವಾ?"

"ಮೇವು ಮಾರಪ್ಪ ನೀನು."

ಅಲ್ಲೇ ಬೇಲಿಯ ಹತ್ತಿರ ಕೂತು ಉಜ್ಜಿದ, ಹೊಡೆದ, ಉಜ್ಜಿದ. ತೂತುಗಳು ಒಂದೊಂದೇ ಬೆರಳು ಮೇಲೆ ಹತ್ತುತ್ತ ಬಂದವು. ಗುರಿಯ ಮಟ್ಟಕ್ಕೆ ಬಂದಾಗ ಅರವನ್ನು ಜೇಬಿಗೆ ಹಾಕಿದ. ಇನ್ನೊಂದು ಸಲ ಎಳೆಯುವ ಆಸೆ ಬಂದಾಗಲೇ ನಿಲ್ಲಿಸಬೇಕು, ಗಡ್ಡಕ್ಕೂ ಅದೇ ನಿಯಮ. ಮನೆಗೆ ಬಂದು ನೆಡ್ರಾಳ ಕನ್ನಡಿ ಮೇಜಿನಿಂದ ಬಿಳಿ ಉಗುರುಬಣ್ಣ ಕದ್ದು ಗೂಟದ ಹಿಂಬದಿಗೆ ಹಚ್ಚಿದ, ಒಣಗಿದ ಮೇಲೆ ಅದರ ಮೇಲೆ ಕಿತ್ತಳೆ ಬಣ್ಣದ್ದು ಎರಡು ಪದರ ಹಚ್ಚಿದ. ಪಿಸ್ತೂಲು ಎತ್ತಿ ಗೋಡೆಗೆ ಹಿಡಿದರೆ ಹೊಗೆಯ ನಡುವೆ ಕೆಂಡ ಹೊತ್ತಿಕೊಂಡಂತೆ ಕಂಡಿತು. ಆರ್ವಲ್ಲನಿಗೆ ಅಲ್ಲೇ ಒಂದು ಸುತ್ತು ಕುಣಿಯಬೇಕೆನಿಸಿತು. ಸೊಂಟ ನೋಡಿಕೊಂಡು ಅರ್ಧ ಸುತ್ತು ಕುಣಿದ.

ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿಕೊಂಡು ಎಲ್ಲರೂ ಹುಲ್ಲುಗಾವಲಿಗೆ ಬಂದರು. ಪಾದ್ರಿಗಳೂ ಬಂದಿದ್ದರು, ದವಡೆಯ ಪಟ್ಟಿ ಈಗ ಚಿಕ್ಕದಾಗಿತ್ತು. ಹೆಂಗಸರು ಮಡಚು ಕುರ್ಚಿಗಳನ್ನು ಮರದ ನೆರಳಿಗೆ ಎಳೆದುಕೊಂಡರು. ಮೊದಲು ಕಾಗದಕ್ಕೆ ಹೊಡೆದು ನೋಡಿದಾಗ ಗುಂಡು ಎರಡು ಬೆರಳು ಎಡಕ್ಕೆ ಹೋಗುತ್ತಿತ್ತು. ಗುಂಡು ಹೋದ ಕಡೆಗೇ ಗೂಟವನ್ನು ಸ್ವಲ್ಪ ತಳ್ಳಬೇಕು, ಅದು ನಿಯಮ. ಆರ್ವಲ್ ಪಿಸ್ತೂಲು ಖಾಲಿ ಮಾಡಿ ಬಿಚ್ಚಿ, ಮೂತಿಯನ್ನು ಈ ಸಲ ತಪ್ಪದೆ ಆಚೆ ತಿರುಗಿಸಿಟ್ಟು, ಪಂಚು ಹಿಡಿದು ಮೆಲ್ಲಗೆ ಒಂದು ತಟ್ಟಿದ. ಗೂಟ ಸರಿದು ಸರಿಯಾಗಿ ನಿಂತಿತು. ಇರಲಿ ಎಂದು ಇನ್ನೊಂದು ತಟ್ಟಿದ. ಅದು ಪಂಚಿಗೆ ತಾಗದೆ ಎಡಗೈ ಹೆಬ್ಬೆರಳಿಗೆ ಬಿತ್ತು.

ಆಗ ಅವನ ಬಾಯಿಂದ ಬಂದ ಮಾತನ್ನು ಪಾದ್ರಿಗಳು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಲಿಲ್ಲವೆಂದು ಕರುಣೆ ತೋರಿದರು. ನೆಡ್ರಾ ಎದ್ದು ಬಂದು ಕರ್ಚೀಫು ಹರಿದು ಬೆರಳಿಗೆ ಸುತ್ತಿದಳು.

"ಬೇಡ ಅಂದ್ರೆ ಮುಂದಿನ ತಿಂಗಳಿಗೆ ಹಾಕೋಣ," ಅಂದಳು.

"ಹೊಡೆಯೋದು ಬಲಗೈ," ಅಂದ ಆರ್ವಲ್.

ನಿಂತ. ತೋಳು ಎತ್ತಿದ. ಕಚ್ಚಿನ ನಡುವೆ ಕೆಂಡ ಬಂದು ಕೂತಿತು. ಮೊದಲನೇ ತಟ್ಟೆ ಠಣ್ ಅಂದು ಮಲಗಿತು. ಎರಡನೆಯದು ಮಲಗಿತು. ಮೂರನೆಯದು ಉಳಿಯಿತು, ಮರದಡಿಯಲ್ಲಿ ಯಾರೋ ಉಸಿರೆಳೆದುಕೊಂಡರು. ನಾಲ್ಕು, ಐದು, ಆರು ಒಂದರ ಹಿಂದೊಂದು ಬಿದ್ದವು. ಹುಲ್ಲುಗಾವಲೆಲ್ಲ ಶಿಳ್ಳೆ. ಹಾಲಿಸ್ ಟೋಪಿ ಮೇಲಕ್ಕೆ ಎಸೆದ, ಅದು ದನದ ನೀರಿನ ತೊಟ್ಟಿಗೆ ಬಿತ್ತು.

"ಈಗ ಹೇಳು," ಎಂದ ಆರ್ವಲ್ ಹೆಂಡತಿಗೆ, ಎದೆ ಉಬ್ಬಿಸಿ.

ನೆಡ್ರಾ ಹೇಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಅವಳ ಉಗುರಿಗೆ ಅದೇ ಕಿತ್ತಳೆ ಬಣ್ಣವಿತ್ತು. ಗೆದ್ದ ಗದ್ದಲದಲ್ಲಿ ಅವನು ಅದನ್ನು ನೋಡಲಿಲ್ಲ. ಅವತ್ತು ರಾತ್ರಿ, ಭಾನುವಾರ, ಸೋಮವಾರ ಅವಳು ಕಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ. ಆರ್ವಲ್ ಕಾಫಿಯನ್ನು ಲೋಟದ ಆಚೆ ಸುರಿದಾಗಲೂ ಎತ್ತಲಿಲ್ಲ. ಬೈಯುವವಳು ಬೈಯದೆ ಇದ್ದರೆ ಮನೆ ಎಷ್ಟು ದೊಡ್ಡದಾಗಿಬಿಡುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿಯ ಮೊದಲ ಗಿರಾಕಿ ಹಾಲಿಸ್. ಕುರ್ಚಿ ಹಿಂದಕ್ಕೆ ವಾಲಿಸಿ, ಬಿಸಿ ಟವೆಲ್ ಹಾಕಿ ತೆಗೆದು, ಬ್ರಶ್ಶಿನಿಂದ ನೊರೆ ಎಬ್ಬಿಸಿ ಆರ್ವಲ್ ಅವನ ಮುಖಕ್ಕೆ ಬಳಿದ. ಕತ್ತಿಯನ್ನು ಪಟ್ಟಿಯ ಮೇಲೆ ಆ ಕಡೆ ಈ ಕಡೆ ಎಳೆದ. ಎಡಗೈ ಹೆಬ್ಬೆರಳನ್ನು ದವಡೆಯ ಮೇಲಿಟ್ಟು ಚರ್ಮ ಎಳೆಯಲು ಹೋದ.

ಬೆರಳಿಗೆ ಬಟ್ಟೆ. ಬಟ್ಟೆಯ ಒಳಗೆ ಊತ. ದವಡೆಯ ಮೂಳೆ ಎಲ್ಲಿ ತಿರುಗುತ್ತದೆ, ಕೂದಲು ಯಾವ ದಿಕ್ಕಿಗೆ ಬೆಳೆದಿದೆ, ನರ ಎಲ್ಲಿ ಮಿಡಿಯುತ್ತದೆ, ಒಂದೂ ತಿಳಿಯಲಿಲ್ಲ. ತೋರುಬೆರಳಿಟ್ಟು ನೋಡಿದ, ಆ ಬೆರಳಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಸರಿ, ಕಣ್ಣಿದೆಯಲ್ಲ ಎಂದು ಬಾಗಿ ನೋಡಿದ. ಹಾಲಿಸ್‌ನ ಮುಖವೇ ಇರಲಿಲ್ಲ. ಬಿಳಿಯ ಹತ್ತಿಯುಂಡೆ ಇತ್ತು, ಅದರಲ್ಲಿ ಎಲ್ಲೋ ಒಂದು ಮೂಗು.

ಆಗ ಆರ್ವಲ್ಲನಿಗೆ ಎಲ್ಲ ತಿಳಿಯಿತು. ಎಷ್ಟು ಕಾಲದಿಂದಲೋ ಅವನು ಊರಿನ ಗಂಡಸರ ಗಡ್ಡವನ್ನು ಹೆಬ್ಬೆರಳಿನಿಂದ ತೆಗೆಯುತ್ತಿದ್ದ, ಕಣ್ಣು ಸುಮ್ಮನೆ ಜೊತೆಗಿತ್ತು. ಪಿಸ್ತೂಲಿಗಾದರೆ ಬಣ್ಣ ಹಚ್ಚಬಹುದು. ಹಾಲಿಸ್‌ನ ಕುತ್ತಿಗೆಗೆ ಏನು ಹಚ್ಚುವುದು?

"ಏನು ಭಾವ, ನಿದ್ದೆನಾ?" ನೊರೆಯೊಳಗಿಂದ ದನಿ ಬಂತು. "ಎಳೀರಿ. ಐದು ತಟ್ಟೆ ಬೀಳಿಸಿದ ಕೈ. ನಂಗೇನೂ ಭಯ ಇಲ್ಲ."

"ನಂಗಿದೆ," ಅಂದ ಆರ್ವಲ್. ಕತ್ತಿಯನ್ನು ಮಡಚಿದ. ಗೋಡೆಯ ಫೋನು ತೆಗೆದು ಮನೆಗೆ ಮಾಡಿದ.

"ನೆಡ್ರಾ, ನೀನು ಈಗ ಮಾತಾಡಬಹುದು."

ಮೂರು ದಿನದ ಬೈಗುಳ ಒಟ್ಟಿಗೆ ಬರುವ ಮುಂಚೆ ತಾನೇ ಹೇಳಿಬಿಟ್ಟ. "ಕೇಳಿಸ್ತಾ? ನಂಗೆ ಕಾಣ್ತಿಲ್ಲ. ಡಾಕ್ಟರು ಕತ್ತಿ ಇಟ್ಬಿಡು ಅಂತಾರೇನೋ ಅಂತ ಹೆದರಿಕೆ ನಂಗೆ. ಅಪ್ಪನ ಹಾಗೆ ಕಿಟಕೀಲಿ ಕೂತ್ಕೋಬೇಕಾಗತ್ತೆ."

"ಗೊತ್ತು," ಅಂದಳು ನೆಡ್ರಾ. "ಕತ್ತಿ ಹಿಡಿದಾಗ ನೀನು ಸುಳ್ಳು ಹೇಳಲ್ಲ ಅಂತಾನೂ ಗೊತ್ತು. ಬಾಗಿಲು ಹಾಕು, ಗಾಡಿ ತರ್ತೀನಿ. ಮೊದಲು ಅವನ ಮುಖ ಒರೆಸು."

ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ನೋಡಿದ್ದು ಒಂದು ಗಳಿಗೆ. ಪೊರೆ ಬಂದಿದೆ, ಎರಡು ಕಣ್ಣಿಗೂ, ತೆಗೆಯಬಹುದು ಅಂದರು. ಇಷ್ಟಕ್ಕಾ ಇಷ್ಟು ಕಾಲ ಹೆದರಿದ್ದು ಎಂದು ಆರ್ವಲ್ ಅವರನ್ನೇ ಬೈಯುವ ಹಾಗೆ ನೋಡಿದ. ಒಂದು ಕಣ್ಣು ಆಯಿತು, ಕೆಲವು ವಾರ ಬಿಟ್ಟು ಇನ್ನೊಂದು. ಧೂಳು ಬೇಡ, ಬಗ್ಗಬೇಡ, ಭಾರ ಎತ್ತಬೇಡ. ನೆಡ್ರಾ ಅವನನ್ನು ಮನೆ ಬಿಟ್ಟು ಹೊರಗೆ ಬಿಡಲಿಲ್ಲ. ಮಾತಾಡಲು ಅಪ್ಪಣೆ ಸಿಕ್ಕಿದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಬಿಟ್ಟದ್ದನ್ನೆಲ್ಲ ಸೇರಿಸಿ ಬೈದಳು. ಮನೆ ಮತ್ತೆ ಮೊದಲಿನಷ್ಟಾಯಿತು. ಹಾಲಿಸ್ ಮಾತ್ರ ಬಂದುಹೋಗುತ್ತಿದ್ದ, ಗಡ್ಡ ಬಿಟ್ಟುಕೊಂಡು. ಹೆಂಡತಿಯಿಲ್ಲದ ಗಂಡಸು ಸೋಮಾರಿಯಾದ ಎಂದು ಆರ್ವಲ್ ಅಂದುಕೊಂಡ. ಪಕ್ಕದೂರಿನಲ್ಲಿ ಯಂತ್ರದ ಕ್ಷೌರಿಕ ಇದ್ದಾನಲ್ಲ, ಅಂಗಡಿಯ ಗಿರಾಕಿಗಳೆಲ್ಲ ಅವನ ಪಾಲಾಗಿರಬೇಕು ಎಂದು ಒಳಗೊಳಗೇ ಕೊರಗಿದ. ಕೇಳಲು ಮನಸ್ಸಾಗಲಿಲ್ಲ.

ಎರಡನೇ ಕಣ್ಣಿನ ಪಟ್ಟಿ ಬಿಚ್ಚಿ, ಹೊರಗೆ ಹೋಗಬಹುದೆಂದು ಡಾಕ್ಟರಮ್ಮ ಹೇಳಿದ ಮೇಲೆ ಬಂದ ಭಾನುವಾರ ನೆಡ್ರಾ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಚರ್ಚಿಗೆ ಕರೆದುಕೊಂಡು ಹೋದಳು. ಎಲ್ಲರೂ ಆಗಲೇ ಕೂತಿದ್ದರು. ಇಬ್ಬರೂ ನಡುವಿನ ದಾರಿಯಲ್ಲಿ ನಡೆದರು. ಬೆಂಚುಗಳಿಂದ ಗಂಡಸರು ಒಬ್ಬೊಬ್ಬರೇ ತಿರುಗಿ ನೋಡಿದರು.

ಎಲ್ಲರಿಗೂ ಗಡ್ಡ. ಅಂಚೆಯವನಿಗೆ ಕೆಂಚು ಗಡ್ಡ, ಶಾಲೆಯ ಬಸ್ಸಿನವನಿಗೆ ಮೇಕೆಯಂಥದ್ದು, ಬ್ಯಾಂಕಿನವನಿಗೆ ಅಲ್ಲಲ್ಲಿ ಮಾತ್ರ ಬೆಳೆದದ್ದು. ಮೀಸೆಯ ತುದಿಯನ್ನು ಬಾಯಿಂದ ಊದಿಕೊಳ್ಳುತ್ತ ಕೂತವರು, ಕತ್ತು ಕೆರೆದುಕೊಳ್ಳುವವರು, ಪಕ್ಕದಲ್ಲಿ ಮೂಗು ಮುರಿದ ಹೆಂಡಿರು. ಹ್ಯಾಕ್‌ಬೆರಿಯ ಒಬ್ಬ ಗಂಡಸೂ ಪಕ್ಕದೂರಿಗೆ ಹೋಗಿರಲಿಲ್ಲ.

ವೇದಿಕೆಯ ಮೇಲೆ ಲ್ಯಾಂಡ್ರಮ್ ಪಾದ್ರಿಗಳು ಪೊದೆಯಂತೆ ಬೆಳೆದ ಬಿಳಿ ಗಡ್ಡವನ್ನು ಕೆರೆಯುತ್ತ ಪುಸ್ತಕದಿಂದ ತಲೆಯೆತ್ತಿ, "ಆರ್ವಲ್, ಮಂಗಳವಾರ ಮೊದಲು ನನ್ನದು," ಅಂದರು.

ಆರ್ವಲ್ ಆಗಲಿ ಎಂದು ತಲೆಯಾಡಿಸಿದ. ಮೂರನೇ ಸಾಲಿನ ಬೆಂಚಿಗೆ ಹೋಗಿ ಕೂತು ಸುತ್ತ ನೋಡಿದ. ಅವನಿಗೆ ಒಂದೊಂದು ಕೂದಲೂ ಕಾಣಿಸುತ್ತಿತ್ತು.